ರಾಜನ ಕೆಲಸ ಈಗ ಯಾರು ಮಾಡ್ತಾರೆ? ಕಠ್ಮಂಡು ಕಡೆ ಆರು ದಿನ

ಮೊದಲ ದಿನ

ಕಠ್ಮಂಡುವಿನಲ್ಲಿ ಇಳಿದ ತಕ್ಷಣ ಮಾವ ವಾಚನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಂಡರು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಅಷ್ಟು ಮುಂದೆ, ಅದನ್ನು ಯಾರೋ ಮೈಸೂರಿನಲ್ಲೇ ಹೇಳಿ ಕಳಿಸಿದ್ದರು. ಆಮೇಲೆ ಒಳಜೇಬಿನಿಂದ 500ರ ನೋಟಿನ ಕಟ್ಟು ತೆಗೆದರು. ನಮ್ಮ 100 ರೂಪಾಯಿಗಿಂತ ದೊಡ್ಡ ನೋಟು ಆಗ ಅಲ್ಲಿ ನಡೆಯುತ್ತಿರಲಿಲ್ಲ, ಅದನ್ನು ನಾನು ಹತ್ತು ಸಲ ಹೇಳಿದ್ದೆ, ಅದು ಮಾತ್ರ ತಲೆಗೆ ಹೋಗಿರಲಿಲ್ಲ. ಹಾಗಾಗಿ ಆರೂ ದಿನದ ಖರ್ಚು ನನ್ನ ತಲೆಗೇ ಬಂತು. ನಮ್ಮ 100ಕ್ಕೆ ಅವರ 160. ಈ ಲೆಕ್ಕ 1993ರಿಂದ ಬದಲಾಗಿಲ್ಲ. ಆ ದೇಶದಲ್ಲಿ ಅಷ್ಟು ವರ್ಷ ಬದಲಾಗದೆ ಉಳಿದದ್ದು ಇದೊಂದೇ ಇರಬೇಕು.

ಮಾವ ಅಂದರೆ ನಮ್ಮಮ್ಮನ ತಮ್ಮ. ಬಸ್ ಡಿಪೋದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಪಶುಪತಿನಾಥನ ದರ್ಶನ ಆಗಬೇಕು ಅನ್ನೋದು ಅವರ ಬಹಳ ದಿನದ ಆಸೆ. ನನಗೆ ಬೇಕಿದ್ದದ್ದು ಬೇರೆ. 240 ವರ್ಷದ ರಾಜಮನೆತನವನ್ನು ಮತ ಹಾಕಿ ಮನೆಗೆ ಕಳಿಸಿದ ದೇಶ ಅದು. ರಾಜ ಹೋದದ್ದು ಸರಿ, ಆದರೆ ರಾಜ ಅಂದರೆ ಬರೀ ಸಿಂಹಾಸನ ಅಲ್ವಲ್ಲ, ಜಾತ್ರೆಗೆ ಹೋಗೋದು, ಭಟ್ಟರನ್ನು ನೇಮಿಸೋದು, ನೋಟಿನ ಮೇಲೆ ಮುಖ ಕೊಡೋದು, ಇಂಥ ನೂರು ಕೆಲಸ ಇರುತ್ತೆ. ಅದನ್ನೆಲ್ಲ ಈಗ ಯಾರು ಮಾಡ್ತಿದ್ದಾರೆ? ಮೈಸೂರಿನವನಿಗೆ ಇಂಥ ಚಿಂತೆ ಬರೋದು ಸಹಜ ಬಿಡಿ.

2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಅಷ್ಟೆಲ್ಲ ಗಲಾಟೆ ಆಗಿ, ಸರ್ಕಾರವೇ ಉರುಳಿದ ಮೇಲೆ ಹೋಗೋದು ಬೇಡ ಅಂತ ಮನೆಯಲ್ಲಿ ಒಂದೇ ರಾಗ. ನವೆಂಬರ್‌ನಲ್ಲಿ ಹೋದೆವು. ಊರು ತಣ್ಣಗಿತ್ತು, ಎರಡೂ ಅರ್ಥದಲ್ಲಿ.

ವಿಮಾನ ನಿಲ್ದಾಣದ ಹೆಸರೇ ತ್ರಿಭುವನ. ರಾಜನ ಹೆಸರು. 1950ರಲ್ಲಿ ಈ ತ್ರಿಭುವನ ಮನೆಯವರನ್ನೆಲ್ಲ ಕರೆದುಕೊಂಡು ಭಾರತದ ರಾಯಭಾರ ಕಚೇರಿಗೆ ಹೋಗಿ ಸೇರಿಕೊಂಡುಬಿಟ್ಟರು. ಆಗ ರಾಜ ಬರೀ ಹೆಸರಿಗೆ, 1846ರಿಂದ ದೇಶ ಆಳುತ್ತಿದ್ದವರು ರಾಣಾ ಮನೆತನದ ಪ್ರಧಾನಿಗಳು. ಹಿಂದೆ ಉಳಿದಿದ್ದ ಮೂರು ವರ್ಷದ ಮೊಮ್ಮಗನ ತಲೆಗೆ ರಾಣಾಗಳು ಕಿರೀಟ ಇಟ್ಟರು. 1951ರಲ್ಲಿ ತ್ರಿಭುವನ ವಾಪಸ್ ಬಂದರು, ರಾಣಾಗಳ ಆಟ ಮುಗಿಯಿತು, ಮಗುವಿನ ತಲೆಯಿಂದ ಕಿರೀಟ ಇಳಿಯಿತು. ಆ ಮಗುವೇ ಜ್ಞಾನೇಂದ್ರ. ಅರ್ಧ ಶತಮಾನ ಕಳೆದ ಮೇಲೆ ಎರಡನೇ ಸಲ ಕಿರೀಟ ಬಂತು, ಎರಡನೇ ಸಲವೂ ಇಳಿಯಿತು.

ಠಮೇಲ್‌ಗೆ ಹೋಗೋ ಟ್ಯಾಕ್ಸಿಯವನು ಐವತ್ತರ ಆಸುಪಾಸಿನವನು, ಹಿಂದಿ ಚೆನ್ನಾಗಿ ಮಾತಾಡುತ್ತಿದ್ದ. 2006ರಲ್ಲಿ ಕಲಂಕಿ ಸರ್ಕಲ್‌ನಲ್ಲಿ ರಾಜನ ವಿರುದ್ಧ ಕೂಗಿದ್ದನಂತೆ. ಈ ಸೆಪ್ಟೆಂಬರ್‌ನಲ್ಲಿ ಮಗ ಹೋಗಿದ್ದನಂತೆ. "ಆಗ ರಾಜ ಫೋನ್ ಕಟ್ ಮಾಡಿಸಿದ, ಅವನು ಹೋದ. ಈಗ ಇವರು ಫೇಸ್‌ಬುಕ್ ಕಟ್ ಮಾಡಿಸಿದ್ರು, ಇವರೂ ಹೋದ್ರು. ನಮ್ಮ ದೇಶದಲ್ಲಿ ಜನರ ಮಾತು ಮಾತ್ರ ಕಟ್ ಮಾಡಬಾರದು ಸಾರ್" ಅಂದ. 2005ರ ಫೆಬ್ರವರಿ 1ರಂದು ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ ಅಧಿಕಾರ ತಾನೇ ತೆಗೆದುಕೊಂಡಾಗ ಫೋನ್, ಇಂಟರ್ನೆಟ್ ಎಲ್ಲ ಸತ್ತು ಹೋಗಿದ್ದವು. 2025ರಲ್ಲಿ 26 ಜಾಲತಾಣಗಳನ್ನು ಒಟ್ಟಿಗೆ ನಿಲ್ಲಿಸಿದ್ದು ಗಣರಾಜ್ಯದ ಚುನಾಯಿತ ಸರ್ಕಾರ. ಬಾಡಿಗೆ ಮಾತ್ರ ಮಾತಾಡಿದ್ದಕ್ಕಿಂತ ಇನ್ನೂರು ಜಾಸ್ತಿ ತೆಗೆದುಕೊಂಡ, ಕಥೆ ಹೇಳಿದ್ದಕ್ಕೆ ಅಂದುಕೊಂಡೆ.

ಎರಡನೇ ದಿನ

ಬೆಳಿಗ್ಗೆ ದರ್ಬಾರ್ ಮಾರ್ಗ್. ಅಲ್ಲಿ ರಾಜ ಮಹೇಂದ್ರನ ಪ್ರತಿಮೆ ಇನ್ನೂ ನಿಂತಿದೆ. 1959ರಲ್ಲಿ ದೇಶದ ಮೊದಲ ಚುನಾವಣೆ ಗೆದ್ದು ಪ್ರಧಾನಿ ಆದ ಬಿ.ಪಿ. ಕೊಯಿರಾಲ ಅವರನ್ನು ಮರುವರ್ಷವೇ ಜೈಲಿಗೆ ಹಾಕಿಸಿ, ಪಕ್ಷಗಳನ್ನೇ ನಿಷೇಧ ಮಾಡಿದ ಮಹಾರಾಜರು. ಪಕ್ಷಗಳಿಗೆ ಮತ್ತೆ ಬಾಗಿಲು ತೆರೆಯೋಕೆ 1990 ಬರಬೇಕಾಯಿತು, ಮಗ ಬೀರೇಂದ್ರನ ಕಾಲ, ಅದೂ ಜನ ಬೀದಿಗೆ ಇಳಿದ ಮೇಲೆ.

ರಸ್ತೆಯ ಕೊನೆಯಲ್ಲಿ ನಾರಾಯಣಹಿಟಿ ಅರಮನೆ, 2009ರಿಂದ ಮ್ಯೂಸಿಯಂ. ಮಾವ ಗೇಟಿನಲ್ಲೇ ನಿಂತು ತಲೆ ಎತ್ತಿ ನೋಡಿ, "ಇದೇನೋ, ಡಿಸಿ ಆಫೀಸ್ ಇದ್ದ ಹಾಗಿದೆ" ಅಂದರು. ತಪ್ಪೇನಿಲ್ಲ. 1960ರ ದಶಕದಲ್ಲಿ ಅಮೆರಿಕದ ಒಬ್ಬ ವಾಸ್ತುಶಿಲ್ಪಿ ಕಟ್ಟಿದ ಕಟ್ಟಡ. ನಮ್ಮ ಅಂಬಾವಿಲಾಸ ನೋಡಿ ಬೆಳೆದ ಕಣ್ಣಿಗೆ ಅರಮನೆ ಅನ್ನಿಸೋದು ಕಷ್ಟ. ಫೋನು, ಬ್ಯಾಗು ಎಲ್ಲ ಹೊರಗೇ ಲಾಕರ್‌ನಲ್ಲಿ ಇಡಬೇಕು. ಒಳಗೆ ಹೋದರೆ ಬಾಯಿ ತೆರೆದ ಹುಲಿಗಳು, ಹುಲ್ಲು ತುಂಬಿ ನಿಲ್ಲಿಸಿದ್ದು. ಕೋಣೆಗಳಿಗೆಲ್ಲ ಜಿಲ್ಲೆಗಳ ಹೆಸರು. ಸಿಂಹಾಸನದ ಕೋಣೆಗೆ ಗೋರ್ಖಾ ಅಂತ ಹೆಸರು, ಎತ್ತರದ ಚಾವಣಿ, ಕಣ್ಣು ಕುಕ್ಕುವ ತೂಗುದೀಪ. ಮಲಗುವ ಕೋಣೆ ಮಾತ್ರ ನಮ್ಮ ಕಡೆ ಹಳೇ ಕಾಲದ ಒಳ್ಳೆ ಲಾಡ್ಜ್ ಇದ್ದ ಹಾಗಿದೆ. ಮಾವನಿಗೆ ಅದೇ ಇಷ್ಟವಾಯಿತು.

ಕಿರೀಟ ಬೇರೆ ಕಡೆ ಇಟ್ಟಿದ್ದಾರೆ, ಗಾಜಿನೊಳಗೆ. ಜನ ನೋಡೋಕೆ ಬಿಟ್ಟದ್ದು 2018ರಲ್ಲಿ, ಅಂದರೆ ರಾಜ ಇಳಿಸಿ ಕೊಟ್ಟ ಹತ್ತು ವರ್ಷಕ್ಕೆ. ಮುತ್ತು, ಪಚ್ಚೆ, ಮೇಲಿಂದ ಹಿಂದಕ್ಕೆ ಬಿದ್ದ ಉದ್ದನೆಯ ಹಕ್ಕಿಪುಕ್ಕ. ನಮ್ಮ ಹಿಂದಿದ್ದ ನೇಪಾಳಿ ಅಜ್ಜಿಯೊಬ್ಬರು ಗಾಜಿನ ಮುಂದೆ ಕೈ ಮುಗಿದರು. ಪಕ್ಕದಲ್ಲಿದ್ದ ಮೊಮ್ಮಗಳು ಅಜ್ಜಿಯ ಕೈ ಹಿಡಿದು ಕೆಳಗೆ ಇಳಿಸಿದಳು. ಜೋರಾಗೇನಲ್ಲ, ಮದುವೆಮನೆಯಲ್ಲಿ ಹಿರಿಯರು ಏನಾದರೂ ಹೆಚ್ಚುಕಮ್ಮಿ ಮಾತಾಡಿದಾಗ ಮೊಣಕೈ ಮುಟ್ಟುತ್ತೇವಲ್ಲ, ಹಾಗೆ.

ಹಿಂದಿನ ತೋಟಕ್ಕೆ ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ. ತ್ರಿಭುವನ ಸದನ ಇದ್ದ ಜಾಗ. 2001ರ ಜೂನ್ 1ರ ರಾತ್ರಿ ರಾಜಮನೆತನದ ಊಟದ ಕೂಟದಲ್ಲಿ ಗುಂಡು ಹಾರಿ ರಾಜ ಬೀರೇಂದ್ರ, ರಾಣಿ ಐಶ್ವರ್ಯ, ಅವರ ಮಕ್ಕಳು, ನೆಂಟರು ಸೇರಿ ಹತ್ತು ಜನ ಹೋದರು. ಹಾರಿಸಿದ್ದು ಯುವರಾಜ ದೀಪೇಂದ್ರ ಅಂತ ತನಿಖಾ ಸಮಿತಿ ಹೇಳಿತು. ಹತ್ತು ಜನರಲ್ಲಿ ಅವನೂ ಒಬ್ಬ. ವಿಚಿತ್ರ ಅಂದರೆ ಪ್ರಜ್ಞೆ ಇಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದ ಅವನನ್ನೇ ರಾಜ ಅಂತ ಘೋಷಿಸಿದರು. ಜೂನ್ 4ಕ್ಕೆ ಅವನೂ ತೀರಿಕೊಂಡ ಮೇಲೆ ಚಿಕ್ಕಪ್ಪ ಜ್ಞಾನೇಂದ್ರ ಪಟ್ಟಕ್ಕೆ ಬಂದರು. ನಾಲ್ಕು ದಿನಕ್ಕೆ ಮೂವರು ರಾಜರು. ಕಟ್ಟಡವನ್ನು ಆಮೇಲೆ ಕೆಡವಿಸಿದರು, ಈಗ ಪಾಯದ ಗೆರೆ, ಯಾರು ಎಲ್ಲಿ ಬಿದ್ದರು ಅಂತ ಫಲಕ, ಗೋಡೆಯಲ್ಲಿ ಗುಂಡಿನ ತೂತು ಇಷ್ಟೇ ಉಳಿದಿದೆ. ಸಮಿತಿ ಹೇಳಿದ್ದನ್ನು ಜನ ನಂಬಿಲ್ಲ. ಅಲ್ಲಿ ನಿಂತಿದ್ದ ಹತ್ತು ನಿಮಿಷದಲ್ಲೇ ನನ್ನ ಕಿವಿಗೆ ಮೂರು ಬೇರೆ ಬೇರೆ ಕಥೆ ಬಿದ್ದವು. ಅರಮನೆಯ ಮೇಲಿದ್ದ ಭಕ್ತಿ ಹೋದದ್ದು 2008ರಲ್ಲಿ ಅಲ್ಲ, ಈ ಪಾಯದ ಮೇಲೆ ಅಂತ ನನಗೆ ಅನ್ನಿಸಿತು.

ಇನ್ನೊಂದು ವಿಷಯ. 2008ರ ಜೂನ್ 11ರಂದು ಜ್ಞಾನೇಂದ್ರ ಇದೇ ಅರಮನೆಯಲ್ಲಿ ಪತ್ರಿಕಾಗೋಷ್ಠಿ ಮಾಡಿ, ಕಿರೀಟ ಸರ್ಕಾರಕ್ಕೆ ಒಪ್ಪಿಸಿದ್ದೇನೆ, ದೇಶ ಬಿಟ್ಟು ಹೋಗಲ್ಲ ಅಂತ ಹೇಳಿ, ಕಾರು ಹತ್ತಿ ಊರಂಚಿನ ನಾಗಾರ್ಜುನ ಕಾಡಿನ ಮನೆಗೆ ಹೋದರು. ತಲೆ ಕಡಿಯಲಿಲ್ಲ, ಗಡಿಪಾರು ಮಾಡಲಿಲ್ಲ. ಮಹೇಂದ್ರನ ಹೆಂಡತಿ ರತ್ನಾ ಅವರನ್ನಂತೂ ಅರಮನೆ ಆವರಣದ ಮಹೇಂದ್ರ ಮಂಜಿಲ್‌ನಲ್ಲೇ ಇರೋಕೆ ಬಿಟ್ಟರು. ತ್ರಿಭುವನರ ಉಪಪತ್ನಿ, ತೊಂಬತ್ತು ದಾಟಿದ ಮುದುಕಿ, ಅವರನ್ನೂ ಎಬ್ಬಿಸಲಿಲ್ಲ. "ಮನೆ ಖಾಲಿ ಮಾಡಿಸೋದ್ರಲ್ಲಿ ಇಷ್ಟು ಮರ್ಯಾದೆ ನಾನು ನೋಡೇ ಇಲ್ಲ ಕಣೋ" ಅಂದರು ಮಾವ. ಬಾಡಿಗೆ ಮನೆಗಳಲ್ಲಿ ಬದುಕು ಕಳೆದವರ ಮಾತು.

ಮೂರನೇ ದಿನ

ಪಶುಪತಿ. ಬೆಳಿಗ್ಗೆ ಆರಕ್ಕೇ ಸಾಲು. ಮುಂದೆ ಶಿವಮೊಗ್ಗ ಕಡೆಯ ಒಂದು ಗುಂಪು, ಅವರಲ್ಲೊಬ್ಬ ಅಮ್ಮ ಮಾವನ ಮಾತು ಕೇಳಿ ತಿರುಗಿ, "ಒಳಗೆ ಪೂಜೆ ಮಾಡೋರೂ ನಮ್ಮ ಕಡೆಯೋರೇ ಕಣ್ರೀ" ಅಂದರು. ಮಾವನಿಗೆ ಗೊತ್ತಿರಲಿಲ್ಲ. ಆಮೇಲೆ ದಿನವಿಡೀ ಅದೇ ಮಾತು. ಲಿಂಗವನ್ನು ಮುಟ್ಟಿ ಪೂಜೆ ಮಾಡೋ ಅಧಿಕಾರ ದಕ್ಷಿಣದಿಂದ ಬಂದ ಭಟ್ಟರಿಗೆ ಮಾತ್ರ, ಈಗಿನವರು ಹೆಚ್ಚಾಗಿ ನಮ್ಮ ಕರಾವಳಿ ಕಡೆಯವರು. ಸಹಾಯಕ್ಕೆ ಇರೋ ಭಂಡಾರಿಗಳು ನೇಪಾಳದವರೇ.

ಯಾಕೆ ಹೊರಗಿನವರು ಅಂದರೆ, ಶಂಕರಾಚಾರ್ಯರು ಮಾಡಿದ ವ್ಯವಸ್ಥೆ ಅಂತ ಒಂದು ಮಾತಿದೆ. ಇನ್ನೊಂದು ಕಾರಣ ನನಗೆ ಬಹಳ ಹಿಡಿಸಿತು. ರಾಜ ಸತ್ತರೆ ದೇಶಕ್ಕೆಲ್ಲ ಸೂತಕ. ಪ್ರಜೆಗಳೆಲ್ಲ ಅವನ ಮಕ್ಕಳ ಲೆಕ್ಕ, ಹಾಗಾಗಿ ಯಾರೂ ಪೂಜೆ ಮಾಡುವಂತಿಲ್ಲ. ಆದರೆ ದೇವರನ್ನು ಹಾಗೇ ಬಿಡೋಕಾಗುತ್ತಾ? ಹೊರಗಿಂದ ಬಂದ ಭಟ್ಟರಿಗೆ ಆ ಸೂತಕ ತಟ್ಟಲ್ಲ. ಹಾಗಾದರೆ ರಾಜನೇ ಇಲ್ಲದ ಮೇಲೆ ಸೂತಕ ಎಲ್ಲಿಂದ ಬರಬೇಕು, ಅಲ್ವಾ?

ಇದೇ ಪ್ರಶ್ನೆ ನಿಜವಾಗಿ ಎದ್ದಿತ್ತು. ಭಟ್ಟರನ್ನು ನೇಮಿಸುತ್ತಿದ್ದದ್ದು ರಾಜ. ರಾಜ ಹೋದ ಮೇಲೆ ದೇವಸ್ಥಾನದ ಟ್ರಸ್ಟಿಗೆ ಪ್ರಧಾನಿಯೇ ದೊಡ್ಡವರು, ಆ ಹೊತ್ತಿಗೆ ಪ್ರಧಾನಿ ಮಾವೋವಾದಿಗಳ ನಾಯಕ ಪ್ರಚಂಡ. ದೇವರನ್ನೇ ನಂಬದ ಪಕ್ಷದವರ ಕೈಗೆ ದೇವರ ಪೂಜಾರಿಯ ನೇಮಕ ಬಂತು. 2008ರ ಡಿಸೆಂಬರ್ ಕೊನೆಗೆ ದಕ್ಷಿಣದ ಭಟ್ಟರನ್ನು ಬಿಟ್ಟು ನೇಪಾಳದ ಪೂಜಾರಿಗಳನ್ನು ನೇಮಿಸಿದರು. ಭಂಡಾರಿಗಳು ತಿರುಗಿಬಿದ್ದರು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಊರಲ್ಲಿ ಪ್ರತಿಭಟನೆ ಆಯಿತು. ಜನವರಿಯಲ್ಲಿ ಸರ್ಕಾರ ಹಿಂದೆ ಸರಿದು ಹಳೇ ಭಟ್ಟರನ್ನೇ ಕರೆಸಿತು. ಅಲ್ಲಿಗೂ ಮುಗಿಯಲಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ಹೊಸದಾಗಿ ಬಂದ ಇಬ್ಬರು ಭಟ್ಟರ ಮೇಲೆ ದೇವಸ್ಥಾನದಲ್ಲೇ ಹಲ್ಲೆ ಆಯಿತು. ಅರಮನೆಯಿಂದ ರಾಜನನ್ನು ಒಂದು ತೊಟ್ಟು ರಕ್ತ ಬೀಳದೆ ಕಳಿಸಿದವರಿಗೆ ಗರ್ಭಗುಡಿಯ ಇಬ್ಬರು ಪೂಜಾರಿಗಳ ವಿಷಯ ಇಷ್ಟು ಕಷ್ಟ ಆಯಿತು ನೋಡಿ.

ದರ್ಶನ ಆಯಿತು. ನಾಲ್ಕು ಬಾಗಿಲು, ನಾಲ್ಕು ಮುಖದ ಲಿಂಗ, ಭಟ್ಟರ ಕೆಂಪು ಬಟ್ಟೆ ಒಂದು ಕ್ಷಣ ಕಂಡದ್ದು ಅಷ್ಟೇ. ಮಾವ ಕನ್ನಡದಲ್ಲೇ ಏನೋ ಕೂಗಿದರು, ಹಿಂದಿನವರು ತಳ್ಳಿದರು.

ಕೆಳಗೆ ಬಾಗ್ಮತಿ ದಡದಲ್ಲಿ ಆರ್ಯಘಾಟ್. ರಾಜರನ್ನು ಸುಡೋ ಜಾಗ. ಸೂತಕದ ಮಾತು ಬಂತಲ್ಲ, ಬೀರೇಂದ್ರ ಸತ್ತ ಹನ್ನೊಂದನೇ ದಿನ, 2001ರ ಜೂನ್ 11ರಂದು, ಒಬ್ಬ ವಯಸ್ಸಾದ ಬ್ರಾಹ್ಮಣರಿಗೆ ರಾಜನ ಉಡುಪು ಹಾಕಿಸಿ, ಕಟ್ಟೋ ಅನ್ನೋ ಊಟ ಮಾಡಿಸಿ, ಆನೆ ಹತ್ತಿಸಿ ಕಣಿವೆಯಿಂದ ಆಚೆ ಕಳಿಸಿದ್ದರು. ಸತ್ತ ರಾಜನ ಪ್ರೇತ ಅವರ ಜೊತೆ ಹೋಗಿಬಿಡಲಿ ಅಂತ. ಮಾವ ಇದನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಲ್ಲಿ ಆನೆ ಮೇಲೆ ಕೂರಿಸಿ ಮೆರೆಸ್ತಾರೆ, ಇವರು ಕೂರಿಸಿ ಓಡಿಸ್ತಾರೆ" ಅಂದರು. ಸರಿಯಾಗಿ ಏಳು ವರ್ಷಕ್ಕೆ, ಅದೇ ಜೂನ್ 11ಕ್ಕೆ, ಜ್ಞಾನೇಂದ್ರ ಹೋದದ್ದು ಕಾರಿನಲ್ಲಿ.

ಮಧ್ಯಾಹ್ನ ನಯಾ ಬಾನೇಶ್ವರ್ ಕಡೆ ನಡೆದೆವು. ದೊಡ್ಡ ಸಭಾಭವನ, ಸಂಸತ್ತು ಸೇರುತ್ತಿದ್ದದ್ದು ಅಲ್ಲೇ. 2008ರ ಮೇ 28ರಂದು ಸಂವಿಧಾನ ಸಭೆಯ ಮೊದಲ ಬೈಠಕ್ ನಡೆದದ್ದೂ ಇದೇ ಕಟ್ಟಡದಲ್ಲಿ. ಬೆಳಿಗ್ಗೆ ಶುರುವಾಗಬೇಕಿದ್ದ ಸಭೆ, ಪಕ್ಷಗಳ ಜಗಳ ಮುಗಿಯದೆ, ರಾತ್ರಿ ಶುರುವಾಯಿತು. ಹೊರಗೆ ಜನ ಇಡೀ ದಿನ ಕುಣಿದುಕೊಂಡು ಕಾದರು. ಮತ ಎಣಿಸಿದರೆ ಗಣರಾಜ್ಯಕ್ಕೆ 560, ವಿರುದ್ಧ 4. ಅರಮನೆ ಬಿಡೋಕೆ ರಾಜನಿಗೆ 15 ದಿನ ಗಡುವು.

560ಕ್ಕೆ 4 ಅಂದರೆ ಅದೇನು ಒಂದೇ ರಾತ್ರಿಯ ಕೆಲಸ ಅಲ್ಲ. 1996ರಿಂದ ಹತ್ತು ವರ್ಷ ಮಾವೋವಾದಿಗಳ ಯುದ್ಧ ನಡೆದು 17,000ದಷ್ಟು ಜನ ಸತ್ತಿದ್ದರು. ಪಕ್ಷಗಳಿಗೂ ಮಾವೋವಾದಿಗಳಿಗೂ ಎಣ್ಣೆ ಸೀಗೇಕಾಯಿ. ಅವರಿಬ್ಬರನ್ನೂ ಒಂದು ಮಾಡಿದ ಪುಣ್ಯ ರಾಜನದ್ದೇ. 2005ರಲ್ಲಿ ಎಲ್ಲರನ್ನೂ ಒಟ್ಟಿಗೆ ತುಳಿಯೋಕೆ ಹೋದರು, ಅದೇ ನವೆಂಬರ್‌ನಲ್ಲಿ ಏಳು ಪಕ್ಷಗಳು ಮತ್ತು ಮಾವೋವಾದಿಗಳು ದಿಲ್ಲಿಯಲ್ಲಿ ಕೂತು 12 ಅಂಶದ ಒಪ್ಪಂದ ಮಾಡಿಕೊಂಡರು. ಮುಂದಿನ ಏಪ್ರಿಲ್‌ನಲ್ಲಿ 19 ದಿನ ಬೀದಿ ತುಂಬಿತು, ಕರ್ಫ್ಯೂ ಹಾಕಿದಷ್ಟೂ ಜನ ಹೆಚ್ಚಾದರು, 24ರ ರಾತ್ರಿ ರಾಜ ಟಿವಿಯಲ್ಲಿ ಬಂದು ಸಂಸತ್ತನ್ನು ವಾಪಸ್ ಕೊಟ್ಟರು. ಆಮೇಲಿನದ್ದೆಲ್ಲ ಒಂದೊಂದೇ ಗುಂಡಿ ಬಿಚ್ಚಿದ ಹಾಗೆ. ಮೇ 18ಕ್ಕೆ 'ಶ್ರೀ 5ರ ಸರ್ಕಾರ', ಅಂದರೆ ಮಹಾರಾಜರ ಸರ್ಕಾರ, ಹೋಗಿ 'ನೇಪಾಳ ಸರ್ಕಾರ' ಆಯಿತು, ಸೈನ್ಯ ರಾಜನ ಕೈ ತಪ್ಪಿತು, ಹಿಂದೂ ರಾಷ್ಟ್ರ ಹೋಗಿ ಧರ್ಮನಿರಪೇಕ್ಷ ಆಯಿತು. ರಾಷ್ಟ್ರಗೀತೆ ಬದಲಾಯಿತು. 2008ಕ್ಕೆ ಉಳಿದಿದ್ದದ್ದು ಅಂಗಿ ಕಳಚೋದು ಮಾತ್ರ.

ಆ ಕಟ್ಟಡ ಈಗ ಸುಟ್ಟುಹೋಗಿದೆ. 2025ರ ಸೆಪ್ಟೆಂಬರ್ 8ರಂದು ಇದರ ಮುಂದೆಯೇ ಹುಡುಗರ ಮೇಲೆ ಗುಂಡು ಹಾರಿತು, ಮರುದಿನ ಜನ ಬೆಂಕಿ ಇಟ್ಟರು. ಕಿಟಕಿಗಳ ಮೇಲೆ ಹೊಗೆಯ ಕಪ್ಪು ನಾಲಿಗೆ ಚಾಚಿದ ಹಾಗೆ ಕೂತಿದೆ. ಗೇಟಿನ ಹತ್ತಿರ ಪೊಲೀಸ್ ಹುಡುಗನೊಬ್ಬ ಕಿತ್ತಳೆ ಸುಲಿಯುತ್ತಾ ನಿಂತಿದ್ದ. ಫೋಟೋ ತೆಗೀಬೇಡಿ ಅಂತ ಕೈ ಅಲ್ಲಾಡಿಸಿದ, ಆಮೇಲೆ ಮಾವನಿಗೆ ಎರಡು ತೊಳೆ ಕೊಟ್ಟ.

ನಾಲ್ಕನೇ ದಿನ

ಬಸ್ಸಿನಲ್ಲಿ ಗೋರ್ಖಾ. 140 ಕಿಲೋಮೀಟರ್, ಏಳು ಗಂಟೆ. ಪೃಥ್ವಿ ಹೆದ್ದಾರಿ ಅಂತ ಹೆಸರು, ಅದೂ ರಾಜನದ್ದೇ, ರಸ್ತೆ ಅಗಲ ಮಾಡುತ್ತಿದ್ದ ಕಡೆಯೆಲ್ಲ ಧೂಳು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಮಾವ ಕಾಲಲ್ಲಿ ತಾವೂ ಒಂದು ಬ್ರೇಕ್ ಒತ್ತುತ್ತಿದ್ದರು, ಡಿಪೋ ಅಭ್ಯಾಸ.

ಆ ರಾಜಮನೆತನವನ್ನು ಕಠ್ಮಂಡುವಿಗೆ ತಂದ ಪೃಥ್ವಿನಾರಾಯಣ ಶಾ ಹುಟ್ಟಿದ ಊರು ಇದು. ಬೆಟ್ಟದ ತುದಿಯಲ್ಲಿ ಇಟ್ಟಿಗೆ, ಮರದ ಕೆತ್ತನೆಯ ಅರಮನೆ, ಪಕ್ಕದಲ್ಲೇ ಕಾಳಿಕಾ ಗುಡಿ. ಅಲ್ಲಿಂದ ನಿಂತು ನೋಡಿದರೆ ಸುತ್ತ ಬರೀ ಮೆಟ್ಟಿಲು ಗದ್ದೆ. 1743ರಲ್ಲಿ ಪಟ್ಟಕ್ಕೆ ಬಂದ ಈ ಸಣ್ಣ ಪಾಳೆಯಗಾರ 25 ವರ್ಷ ಬಿಡದೆ ಗುದ್ದಾಡಿ ಕಠ್ಮಂಡು ಹಿಡಿದ. ಬಾಣಂತಿಗೂ ಬಿಡುವಿರುತ್ತೆ, ಇವನಿಗೆ ಇರಲಿಲ್ಲ. ಕೀರ್ತಿಪುರ ಅನ್ನೋ ಊರು ಎರಡು ಸಲ ಸೋಲಿಸಿದ್ದಕ್ಕೆ, ಮೂರನೇ ಸಲ ಗೆದ್ದ ಮೇಲೆ ಅಲ್ಲಿನವರ ಮೂಗು ಕೊಯ್ಸಿದ. ಕೀರ್ತಿಪುರದವರು ಅದನ್ನು ಇನ್ನೂ ಮರೆತಿಲ್ಲ.

ಮಾವ ಅರ್ಧ ಮೆಟ್ಟಿಲಿಗೇ ಕೂತುಬಿಟ್ಟರು. ನಾನು ಇಳಿದು ಬಂದಾಗ ಟೀ ಅಂಗಡಿಯವನ ಜೊತೆ ಸಾಲದ ಮಾತು. ಒಳ್ಳೆ ಜಾಗದಲ್ಲೇ ಆ ಮಾತು ತೆಗೆದಿದ್ದರು. 1996ರ ಫೆಬ್ರವರಿ 13ರಂದು ಮಾವೋವಾದಿಗಳ ಯುದ್ಧ ಶುರುವಾದಾಗ ಮೊದಲ ದಾಳಿಗಳಲ್ಲಿ ಒಂದು ಇದೇ ಗೋರ್ಖಾ ಜಿಲ್ಲೆಯಲ್ಲಿ ಆಗಿತ್ತು. ಸಣ್ಣ ರೈತರಿಗೆ ಸಾಲ ಕೊಡೋ ಸರ್ಕಾರಿ ಬ್ಯಾಂಕಿನ ಕಚೇರಿಗೆ ನುಗ್ಗಿ ಸಾಲದ ಕಾಗದಗಳನ್ನು ಸುಟ್ಟಿದ್ದರು. ರಾಜಮನೆತನ ಹೊರಟ ಜಿಲ್ಲೆ, ಅದನ್ನು ಇಳಿಸಿದವರು ಹೊರಟ ಜಿಲ್ಲೆ ಒಂದೇ. 2015ರ ಭೂಕಂಪದ ಕೇಂದ್ರವೂ ಇದೇ ಜಿಲ್ಲೆ. ಏನು ಮಣ್ಣೋ.

ಐದನೇ ದಿನ

ಮತ್ತೆ ಧೂಳು. ಮಲೇಖುನಲ್ಲಿ ತ್ರಿಶೂಲಿ ನದಿಯ ಮೀನು ಹುರಿದು ದಾಲ್‌ಭಾತ್ ಜೊತೆ ಕೊಟ್ಟರು. ಮಾವ ಆರು ದಿನದಲ್ಲಿ ಹೊಟ್ಟೆ ತುಂಬ ಉಂಡದ್ದು ಅದೊಂದೇ ಊಟ. ರಾತ್ರಿ ಹೋಟೆಲಿನಲ್ಲಿ ಬಿಸಿನೀರು ಬರಲಿಲ್ಲ, ಬಿಲ್‌ನಲ್ಲಿ ಮಾತ್ರ ಬಂತು.

ಆರನೇ ದಿನ

ಸಂಜೆ ವಿಮಾನ. ಬೆಳಿಗ್ಗೆ ಬಸಂತಪುರದ ಹಳೇ ಅರಮನೆ ಚೌಕ, ಅಲ್ಲೇ ಕುಮಾರಿ ಮನೆ. ಜೀವಂತ ದೇವಿಯಾಗಿ ಪೂಜಿಸುವ ಪುಟ್ಟ ಹುಡುಗಿ ಇರೋ ಮನೆ. ನಾವು ಹೋದಾಗ ಇದ್ದವಳು 2025ರ ದಸರೆಯಲ್ಲಿ ಬಂದ ಮಗು, ಆಗಿನ್ನೂ ಮೂರು ತುಂಬಿರಲಿಲ್ಲ. ಅಂಗಳದಲ್ಲಿ ಅರ್ಧ ಗಂಟೆ ಕಾದೆವು, ಕಿಟಕಿಯಲ್ಲಿ ಕಾಣಲಿಲ್ಲ. ಮಲಗಿತ್ತೇನೋ ಪಾಪ.

1768ರಲ್ಲಿ ಇಂದ್ರಜಾತ್ರೆಯ ದಿನವೇ ಪೃಥ್ವಿನಾರಾಯಣ ಊರಿಗೆ ನುಗ್ಗಿದ, ಜನ ಜಾತ್ರೆಯಲ್ಲಿದ್ದರು, ಅವನು ಕುಮಾರಿಯಿಂದ ಹಣೆಗೆ ತಿಲಕ ಇಡಿಸಿಕೊಂಡು ಜಾತ್ರೆ ಮುಂದುವರಿಸಿದ ಅಂತ ಕಥೆ. ಅಲ್ಲಿಂದ ಪ್ರತಿ ವರ್ಷ ರಾಜರು ಬಂದರು. 2007ರಲ್ಲಿ ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಬಂದರು. ಈಗ ರಾಷ್ಟ್ರಪತಿ. ಗಣರಾಜ್ಯದ ಮೊದಲ ವರ್ಷ ಹಣಕಾಸು ಮಂತ್ರಿ ಬಾಬುರಾಮ್ ಭಟ್ಟರಾಯ್, ಗೋರ್ಖಾದವರೇ, ಜಾತ್ರೆಯ ಬಲಿಗೆ ಕೊಡುತ್ತಿದ್ದ ದುಡ್ಡು ಕಡಿತ ಮಾಡಿದರು. ಊರಿನ ಮೂಲ ನಿವಾಸಿಗಳಾದ ನೇವಾರರು ರಸ್ತೆಗಿಳಿದು ಟೈರ್ ಸುಟ್ಟರು. ದುಡ್ಡು ವಾಪಸ್ ಬಂತು. ರಾಜ ಇಲ್ಲದಿದ್ದರೆ ನಡೆಯುತ್ತೆ, ಕೋಣ ಇಲ್ಲದಿದ್ದರೆ ನಡೆಯಲ್ಲ. 2025ರ ಜಾತ್ರೆಯ ಮುಖ್ಯ ದಿನ ಕಳೆದು ಮೂರೇ ದಿನಕ್ಕೆ ರಾಷ್ಟ್ರಪತಿ ಭವನಕ್ಕೂ ಬೆಂಕಿ ಬಿತ್ತು, ಅದು ಬೇರೆ ಮಾತು.

ಮಾವ ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಜಯಚಾಮರಾಜ ಒಡೆಯರನ್ನು ಅಂಬಾರಿಯಲ್ಲಿ ನೋಡಿದವರು. "ಆಮೇಲೆ ಚಾಮುಂಡಿ ತಾಯಿನ ಕೂರಿಸಿದ್ರಲ್ಲ. ಅಂಬಾರಿ ಖಾಲಿ ಹೋಗೋಕಾಗುತ್ತಾ? ಇವರು ಮನುಷ್ಯರನ್ನ ಕೂರಿಸೋಕೆ ಹೋದ್ರು, ಅದೇ ಎಡವಟ್ಟು" ಅಂದರು. ಒಪ್ಪಬೇಕೋ ಬೇಡವೋ ಗೊತ್ತಾಗಲಿಲ್ಲ, ಸುಮ್ನೆ ಹೂಂಗುಟ್ಟಿದೆ.

ಚೌಕದಲ್ಲಿ ಹಳೇ ನಾಣ್ಯ, ನೋಟು ಹರಡಿಕೊಂಡು ಕೂತ ಒಬ್ಬ ಒಂದು 500ರ ನೋಟು ತೋರಿಸಿದ. 2007ರಲ್ಲಿ ನೋಟಿನಿಂದ ರಾಜನ ಮುಖ ತೆಗೆದು ಎವರೆಸ್ಟ್ ಹಾಕಿದರು. ಆದರೆ ನೀರುಗುರುತಿನಲ್ಲಿ ರಾಜನ ಮುಖ ಇರೋ ಕಾಗದ ಆಗಲೇ ತಂದಿಟ್ಟಿದ್ದರು, ಎಸೆಯೋಕೆ ಮನಸ್ಸು ಬರಲಿಲ್ಲ. ಆ ಜಾಗದ ಮೇಲೆ ಕೆಂಪು ಲಾಲಿಗುರಾಸ್ ಹೂವು ಅಚ್ಚು ಹಾಕಿ ಮುಚ್ಚಿಬಿಟ್ಟರು. ಮಾವ ನೋಟನ್ನು ಬಿಸಿಲಿಗೆ ಹಿಡಿದರು. ಹೂವಿನ ಎಸಳುಗಳ ಹಿಂದೆ ರಾಜನ ಮುಖ ಮಸುಕಾಗಿ ಕಾಣಿಸಿತು. "ಓಹೋ" ಅಂದರು. ಅವನು 1000 ಹೇಳಿದ, ಇವರು ಅರ್ಧ ಗಂಟೆ ಚೌಕಾಸಿ ಮಾಡಿ 700ಕ್ಕೆ ಇಳಿಸಿದರು. ದುಡ್ಡು ನಾನೇ ಕೊಟ್ಟೆ. ಫ್ರೇಮ್ ಹಾಕಿಸ್ತೀನಿ ಅಂತ ಜೇಬಿನಲ್ಲಿಟ್ಟುಕೊಂಡರು.

ವಿಮಾನ ನಿಲ್ದಾಣದಲ್ಲಿ ನಾನು ಸಾಲಿನಲ್ಲಿದ್ದಾಗ ಮಾವ ಟೀ ತರೋಕೆ ಹೋದರು. ಚಿಲ್ಲರೆ ಇರಲಿ ಅಂತ ಅವರ ಕೈಯಲ್ಲಿ ನಾನು ಒಂದು 500ರ ನೋಟು ಕೊಟ್ಟಿದ್ದೆ. ಎರಡು ಕಪ್ ಹಿಡಿದುಕೊಂಡು ವಾಪಸ್ ಬಂದು ಕೂತು, ಜೇಬು ತಡಕಿ, ಉಳಿದಿದ್ದ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಬರೀ ಹೂವು. ಮತ್ತೆ ತಿರುಗಿಸಿ ಹಿಡಿದರು. ಟೀ ಅಂಗಡಿಯ ಹೆಂಗಸು ಆಗಲೇ ಮುಂದಿನವರಿಗೆ ಚಿಲ್ಲರೆ ಎಣಿಸುತ್ತಿದ್ದಳು.